ಬೆಣ್ಣೆ ಬಾಗಿಲು ಕಾದ ದೃಶ್ಯ

ಬೀದಿಯವರಿಗೆಲ್ಲ ಅವರು ನಾಯಿ ಮೇಷ್ಟ್ರು. ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆಯೇ. ಸಿನಿಮಾದಲ್ಲಿ ನಟಿಸುವ ನಾಯಿಗಳಿಗೆ ಪಾಠ ಹೇಳಿಕೊಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಇಸ್ತ್ರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು. ಮಗಳಿನ್ನೂ ಚಿಕ್ಕವಳು. ಮೇಷ್ಟ್ರು ಮೆಟ್ಟಿಲಿಳಿದಾಗಲೆಲ್ಲ ಇಸ್ತ್ರಿಯವನು, “ಏನ್ ಮೇಷ್ಟ್ರೇ, ನಾಯಿ ಬಾಲ ನೆಟ್ಟಗಾಯ್ತಾ?” ಎಂದು ಕೆಣಕುವನು. “ಬಾಲದ ತಂಟೆಗೆ ನಾನು ಹೋಗಲ್ಲಪ್ಪ, ಅದು ಅದರ ಸ್ವಂತ ಆಸ್ತಿ” ಎಂದು ಇವರು ನಗುವರು. ಆಗ ನಗು ಇತ್ತು.

ಬೆಣ್ಣೆ ಅವರಿಗೆ ಸಿಕ್ಕಿದ್ದು ಸ್ಟುಡಿಯೋದ ಬಡಗಿಗಳ ಶೆಡ್ಡಿನ ಹಿಂದೆ, ಮರದ ಹೊಟ್ಟಿನ ರಾಶಿಯಲ್ಲಿ. ಕಣ್ಣು ಬಿಟ್ಟು ಹೆಚ್ಚು ದಿನವಾಗಿರದ ಮರಿ, ಬೆಣ್ಣೆಯದೇ ಬಣ್ಣ, ಒಂದು ಕಿವಿ ನಿಮಿರಿ ಇನ್ನೊಂದು ಮಡಚಿಕೊಂಡಿತ್ತು. ಹೆಣ್ಣುನಾಯಿಯಾದರೂ ತೆರೆಯ ಮೇಲೆ ಅದಕ್ಕೆ ಸಿಗುತ್ತಿದ್ದದ್ದು ಗಂಡುನಾಯಿಯ ಪಾತ್ರವೇ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾಗಳು ಅವು. ಅವುಗಳಲ್ಲಿ ನಾಯಿ ಮನುಷ್ಯರ ಮಾತನ್ನೆಲ್ಲ ತಿಳಿಯುತ್ತದೆ, ತಪ್ಪು ಮಾಡಿದರೆ ನಾಚುತ್ತದೆ, ಅಳುವ ಮಗುವಿನ ಕಣ್ಣೀರು ಒರೆಸುತ್ತದೆ. ಮಗುವಿನ ಕೆನ್ನೆಗೆ ಮಾಂಸ ಬೇಯಿಸಿದ ನೀರು ಸವರಿದರೆ ಬೆಣ್ಣೆ ನೆಕ್ಕುತ್ತಿತ್ತು. ಮೂಗಿನ ಮೇಲೆ ಚೂರು ಅಂಟುಪಟ್ಟಿ ಹಚ್ಚಿದರೆ ಅದನ್ನು ಕಿತ್ತುಕೊಳ್ಳಲು ಮುಂಗಾಲನ್ನು ಮುಖಕ್ಕೆ ಒಯ್ಯುತ್ತಿತ್ತು. ನೋಡುವವರು ಅಯ್ಯೋ ಪಾಪ, ನಾಚಿಕೊಂಡಿತು ಎನ್ನುವರು. ದೀಪದ ಶಾಖಕ್ಕೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ನಗು.

ಇದರಲ್ಲಿ ಮೋಸವಿದೆ ಎಂದು ಮೇಷ್ಟ್ರಿಗೆ ಅನ್ನಿಸಿರಲಿಲ್ಲ. ನಾಯಿಗೆ ಅದು ಆಟ, ತಮಗೆ ಹೊಟ್ಟೆಪಾಡು. ಪಾಠವೆಲ್ಲ ನಿಂತದ್ದು “ಇರು” ಎಂಬ ಒಂದೇ ಮಾತಿನ ಮೇಲೆ. “ಇರು” ಎಂದರೆ ಬೆಣ್ಣೆ ಅಲುಗುತ್ತಿರಲಿಲ್ಲ. ಎಲ್ಲೋ ಕ್ಯಾಮೆರಾದ ಪಕ್ಕದಿಂದ ಮೇಷ್ಟ್ರು ಎದ್ದು ಬಂದೇ ಬರುತ್ತಾರೆಂದು ಅದಕ್ಕೆ ಗೊತ್ತಿತ್ತು. ಅವರು ಬರದೇ ಹೋದದ್ದೂ ಇರಲಿಲ್ಲ.

ಆಮೇಲೆ ಆ ಸಿನಿಮಾ ಬಂತು. ಮನೆಯ ಯಜಮಾನ ತೀರಿಕೊಳ್ಳುತ್ತಾನೆ, ಅವನ ನಾಯಿ ಬಾಗಿಲಲ್ಲೇ ಕಾದು ಕೂರುತ್ತದೆ, ಕಥೆಯ ಜೀವವೇ ಅದು. ಎಷ್ಟು ಸಲ ತೆಗೆದರೂ ನಿರ್ದೇಶಕನಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದ. ಒರಟನಲ್ಲ, ಮೆತ್ತಗೆ ಮಾತಾಡುವವನು.

“ಅದರ ಕಣ್ಣಲ್ಲಿ ನೀವು ಕಾಣ್ತೀರಿ ಮೇಷ್ಟ್ರೇ. ಈಗ ಬರ್ತಾರೆ ಅನ್ನೋ ನೋಟ ಅದು. ನನಗೆ ಇನ್ನು ಬರಲ್ಲ ಅನ್ನೋದು ಬೇಕು.”

“ನಾಯಿಗೆ ಅದನ್ನ ಹೇಗ್ ಹೇಳಿಕೊಡೋದು ಸಾರ್?”

“ಹೇಳಿಕೊಡಬೇಡಿ. ಸ್ವಲ್ಪ ದಿನ ಮನೇಲಿರಿ, ಅಷ್ಟೇ. ನಾವು ನೋಡ್ಕೋತೀವಿ.”

ಆಗುವುದಿಲ್ಲ ಎನ್ನಲು ಮೇಷ್ಟ್ರ ನಾಲಿಗೆ ಏಳಲಿಲ್ಲ. ಅಂಥ ದೊಡ್ಡ ಸಿನಿಮಾ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಒಲ್ಲೆ ಎಂದರೆ ಇನ್ನೊಬ್ಬ ಬರುತ್ತಾನೆ, ಇನ್ನೊಂದು ನಾಯಿ ಬರುತ್ತದೆ. ನಟರ ಬಟ್ಟೆ ನೋಡಿಕೊಳ್ಳುವ ಹೆಂಗಸಿನ ಕೈಗೆ ಹಗ್ಗ ಕೊಟ್ಟು, ಬೆಣ್ಣೆಯ ತಲೆ ಸವರಿ, “ಇರು” ಎಂದು ಹಿಂದಿನ ಗೇಟಿನಿಂದ ಹೊರಟುಬಿಟ್ಟರು.

ಹೆಂಡತಿ ವಿಷಯ ಕೇಳಿ ಹೊಲಿಗೆ ನಿಲ್ಲಿಸಿದಳು. “ಅದಕ್ಕೇನ್ ಗೊತ್ತುರೀ, ಸಿನಿಮಾ ಅಂತ?” ಎಂದಳು. ಆ ದಿನಗಳಲ್ಲಿ ಅನ್ನಕ್ಕೆ ಕೂತರೆ ಮೇಷ್ಟ್ರ ಕೈ ತಟ್ಟೆಯಲ್ಲೇ ಉಳಿಯುತ್ತಿತ್ತು. ಹೋಗಿ ಕರೆದುಕೊಂಡು ಬರೋಣವೆಂದು ಚಪ್ಪಲಿ ಮೆಟ್ಟಿ ಕೆಳಗಿನ ಅಂಗಡಿಯವರೆಗೂ ಹೋದವರು ಮತ್ತೆ ಮೇಲೆ ಬರುತ್ತಿದ್ದರು.

ಬನ್ನಿ ಎಂದು ಕರೆ ಬಂದಾಗ ಓಡಿಹೋದರು. ಸೆಟ್ಟಿನಲ್ಲಿ ಎಲ್ಲರ ಮುಖವೂ ಅರಳಿತ್ತು. ನಿರ್ದೇಶಕ ಅವರನ್ನು ತಬ್ಬಿಕೊಂಡ. ಬಟ್ಟೆಯ ಹೆಂಗಸು ಮಾತ್ರ ದೂರ ಕರೆದು ನಡೆದದ್ದನ್ನು ಹೇಳಿದಳು. ಮೊದಮೊದಲು ಬೆಣ್ಣೆ, ಮೇಷ್ಟ್ರಷ್ಟೇ ಎತ್ತರದ ಗಂಡಸರು ಯಾರು ಬಂದರೂ ಎದ್ದು ಓಡುತ್ತಿತ್ತಂತೆ. ಆಮೇಲೆ ತಲೆ ಎತ್ತುವುದನ್ನೇ ಬಿಟ್ಟಿತು. ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ತಲೆ ಎತ್ತುವುದು ನಿಂತ ಮೇಲೆಯೇ ಸಿನಿಮಾದವರು ಕ್ಯಾಮೆರಾ ಇಟ್ಟದ್ದು.

ಹಲಗೆಯಿಂದ ಮಾಡಿದ, ಹಿಂದೆ ಮನೆಯೇ ಇಲ್ಲದ ಆ ಬಾಗಿಲಿನ ಮುಂದೆ ಬೆಣ್ಣೆ ಮಲಗಿತ್ತು. ಮೇಷ್ಟ್ರು ಹೆಸರು ಹಿಡಿದು ಕರೆದರು. ಅದು ಕುಣಿಯುತ್ತಾ ಬರಲಿಲ್ಲ. ನಿಧಾನವಾಗಿ ಎದ್ದು ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಮೂಸಿತು. ಆಮೇಲೆ ಅವರ ಪ್ಯಾಂಟಿನ ಅಂಚನ್ನು ಹಲ್ಲಿನಲ್ಲಿ ಹಿಡಿದುಕೊಂಡು ನಿಂತುಬಿಟ್ಟಿತು. ಬಿಡಿಸಲು ಹೋದರೆ ಬಿಡಲಿಲ್ಲ. ಹಾಗೆಯೇ ಕುಂಟುತ್ತಾ ಅದರ ಜೊತೆ ಗೇಟಿನವರೆಗೆ ನಡೆದರು.

ಸಿನಿಮಾ ಚೆನ್ನಾಗಿ ಓಡಿತು. ಆ ದೃಶ್ಯ ಬಂದರೆ ಥಿಯೇಟರಿನಲ್ಲಿ ಮೂಗು ಸೀಟುವ ಸದ್ದು. ಮಗಳೂ ಅತ್ತು ಕಣ್ಣು ಊದಿಸಿಕೊಂಡಳು. ಮನೆಗೆ ಬರುವ ದಾರಿಯಲ್ಲಿ, “ಅಪ್ಪಾ, ಸುಮ್ನೆ ಆಟ ಅಂತ ಬೆಣ್ಣೆಗೆ ಗೊತ್ತಿತ್ತು ಅಲ್ವಾ?” ಎಂದು ಕೇಳಿದಳು. ಗೊತ್ತಿತ್ತು ಎಂದರು ಮೇಷ್ಟ್ರು. ಹೆಂಡತಿ ಬೇರೆ ಕಡೆ ನೋಡುತ್ತಾ ನಡೆದಳು.

“ಇರು” ಎಂಬ ಮಾತು ಅಲ್ಲಿಗೆ ಸತ್ತಿತು. ಅದು ಕಿವಿಗೆ ಬಿದ್ದರೆ ಸಾಕು, ಬೆಣ್ಣೆ ನಡುಗುತ್ತಾ ಅವರ ಕಾಲಿನ ಸಂದಿಗೆ ನುಗ್ಗುತ್ತಿತ್ತು. ಬಚ್ಚಲಿಗೆ ಹೋದರೂ ಬಾಗಿಲು ಪರಚುವುದು. ಅಂಥ ನಾಯಿಯನ್ನು ಯಾರು ಕರೆಯುತ್ತಾರೆ? ಬೇರೆ ಮರಿಗಳನ್ನು ತಂದು ಕಲಿಸಿ ಎಂದು ಬಂದವರಿದ್ದರು; ಮೇಷ್ಟ್ರು ಬಾಯಿ ತೆರೆದರೆ ಆ ಮಾತು ಹೊರಡುತ್ತಿರಲಿಲ್ಲ. ಕೊನೆಗೆ ಹಳೇ ಕಾಗದದ ಗೋದಾಮೊಂದರಲ್ಲಿ ಕಾವಲಿಗೆ ಸೇರಿದರು. ಅಲ್ಲಿ ನಾಯಿಯನ್ನು ಜೊತೆಗಿಟ್ಟುಕೊಳ್ಳಬಹುದಿತ್ತು, ಅದೊಂದೇ ಕಾರಣ. ಕಾಗದದ ಮೂಟೆಗಳ ನಡುವೆ ಇಬ್ಬರಿಗೂ ವಯಸ್ಸಾಯಿತು. ಮಗಳ ಮದುವೆಯಾಯಿತು.

ಒಂದು ವರ್ಷ ಮೇಷ್ಟ್ರ ಹೊಟ್ಟೆಯಲ್ಲಿ ಕರುಳು ಜಾರಿ ಆಪರೇಷನ್ ಮಾಡಲೇಬೇಕಾಯಿತು. ಆಸ್ಪತ್ರೆಗೆ ನಾಯಿಯನ್ನು ಒಯ್ಯುವಂತಿರಲಿಲ್ಲ. ಹೊರಡುವಾಗ ಅವರು ಬೆಣ್ಣೆಗೆ ಏನೂ ಹೇಳಲಿಲ್ಲ. ಹೇಳಲು ಮಾತು ಎಲ್ಲಿತ್ತು? ವಾಪಸು ಬಂದ ದಿನ ಹೆಂಡತಿ ಮೆಟ್ಟಿಲ ಬುಡದಲ್ಲೇ ಅವರ ತೋಳು ಹಿಡಿದುಕೊಂಡಳು.

“ಬೆಣ್ಣೆ ಇಲ್ಲಾರೀ. ಬಾಗಿಲು ಬಿಟ್ಟು ಏಳಲೇ ಇಲ್ಲ. ನಾನು ಅಲ್ಲೇ ಪಕ್ಕದಲ್ಲಿ ಮಲ್ಕೊಂಡೆ. ನನ್ನ ಕಡೆ ನೋಡ್ಲಿಲ್ಲ.”

ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ಹೊರಗೆ ಬಂದ, ಏನೂ ಕೆಣಕಲಿಲ್ಲ.

ಹಲವು ವರ್ಷ ಕಳೆದು ಆ ಸಿನಿಮಾದ ಎರಡನೇ ಭಾಗ ಬಂತು. ಹೊಸ ನಾಯಿ, ಹೊಸ ಮನೆ, ಕಾಯುವುದು ಮಾತ್ರ ಅದೇ. ಮಗಳು ತನ್ನ ಮಗುವನ್ನು ಕರೆದುಕೊಂಡು ಹೋಗಿ ನೋಡಿ, ಮೂಗು ಕೆಂಪು ಮಾಡಿಕೊಂಡು, ಖುಷಿಯಾಗಿಯೇ ತವರಿಗೆ ಬಂದಳು. ಆ ನಾಯಿ ಎಷ್ಟು ಚೆನ್ನಾಗಿ ಮಾಡಿದೆ ಎಂದು ಅಮ್ಮನಿಗೆ ಬಣ್ಣಿಸಿದಳು. ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು.

“ಅದರ ಯಜಮಾನ ಎಲ್ಲಿದ್ದ, ಆಗ?” ಎಂದರು.

“ಯಾರು? ಕಥೇಲಿ ಸತ್ತಿದ್ದಾನಲ್ಲಪ್ಪಾ.”

“ಕಥೇಲಲ್ಲ.”

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. ಅದನ್ನೆಲ್ಲ ಸಿನಿಮಾದಲ್ಲಿ ಹೇಳುತ್ತಾರೆಯೇ ಎಂದು ಮಗಳು ಮೆಲ್ಲಗೆ ಕೇಳಿದಳು. ಇಲ್ಲ ಎಂದು ಮೇಷ್ಟ್ರು ತಲೆಯಾಡಿಸಿದರು. ಮಗು ತನಗೊಂದು ನಾಯಿಮರಿ ಬೇಕೆಂದು ಹಟ ಹಿಡಿದಿತ್ತು. ತಾತನನ್ನು ಕೇಳು ಎಂದು ಅವತ್ತು ಯಾರೂ ಹೇಳಲಿಲ್ಲ.