ಮಹಾರಾಣಿಯ ಕಾಲಡಿಯ ಗೊಂಬೆ

೨೦೦೦ನೇ ಇಸವಿಯಲ್ಲಿ ನಾನು ಬೆಳಗಾವಿಯ ವಡಗಾವಿಯಲ್ಲಿ ವಿದ್ಯುತ್ ಇಲಾಖೆಯ ಶಾಖಾಧಿಕಾರಿ. ಆ ಕುರ್ಚಿಗೆ ಬಂದ ಮೊದಲ ಹೆಂಗಸು. ಕೆಲವರು ಕಂಬದ ತಂತಿಗೆ ಕೊಕ್ಕೆ ಸಿಕ್ಕಿಸಿ ಕರೆಂಟು ಕದಿಯುತ್ತಿದ್ದರು. ಅದಕ್ಕೆ ನಾವು ‘ಹುಕ್’ ಎನ್ನುತ್ತೇವೆ. ಬಂದವಳೇ ಸಿಕ್ಕ ಸಿಕ್ಕ ಹುಕ್ ಕೀಳಿಸಿದೆ. ನನ್ನ ಹಿಂದಿನ ಅಧಿಕಾರಿ ಕಿತ್ತಾಗ ‘ಕಡಕ್ ಸಾಹೇಬ’ ಎಂದು ಹೊಗಳಿದ ಜನ ನನಗಿಟ್ಟ ಹೆಸರು ‘ಕರೆಂಟ್ ಮಹಾರಾಣಿ’.

ಆ ಗಣೇಶ ಚೌತಿಗೆ ಒಂದು ಮಂಡಳದವರು ತಮ್ಮ ಮಂಟಪದಲ್ಲಿ ನನ್ನದೇ ದೇಖಾವೆ, ಅಂದರೆ ಆಡುವ ಗೊಂಬೆಗಳ ದೃಶ್ಯ, ಮಾಡಿದರು. ಸಿಂಹಾಸನದ ಮೇಲೆ ಮಹಾರಾಣಿ ಗೊಂಬೆ: ಕಿರೀಟ, ಕನ್ನಡಕ, ಥೇಟ್ ನನ್ನ ಹಸಿರು ಸೀರೆ. ಮೋಟಾರು ತಿರುಗಿದಂತೆ ಮಹಾರಾಣಿಯ ಕಾಲು ಎದ್ದು, ಕೆಳಗೆ ಕೂತ ಲೈನ್‌ಮನ್ ಗೊಂಬೆಯ ತಲೆಗೆ ಒದೆಯುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಮರುದಿನ ನಮ್ಮ ಲೈನ್‌ಮನ್ ಭೀಮಪ್ಪನಿಗೆ ಕೆಲಸ ಹೇಳಿದರೆ, “ಅಪ್ಪಣಿ, ಮಹಾರಾಣಿ” ಎಂದು ಕಿಸಕ್ಕನೆ ನಕ್ಕ. ಉಳಿದವರೂ ನಕ್ಕರು. ಮೈಯೆಲ್ಲ ಉರಿಯಿತು. ಇವರೇ ಮಾತು ಕೇಳದಿದ್ದರೆ ಆ ಕುರ್ಚಿಯಲ್ಲಿ ನಾನು ಕೂತರೆಷ್ಟು, ಬಿಟ್ಟರೆಷ್ಟು?

ಸಂಜೆ ಭೀಮಪ್ಪನನ್ನು ಕರೆದುಕೊಂಡು ಮಂಟಪಕ್ಕೆ ಹೋದೆ. ಗಣಪತಿಯ ದೀಪಗಳಿಗೆ ನಾನೇ ಮಂಜೂರು ಮಾಡಿದ ಮೀಟರಿತ್ತು. ಮಹಾರಾಣಿಯ ಮೋಟಾರಿಗೆ ಮಾತ್ರ ಹುಕ್! ನನ್ನನ್ನು ಹಂಗಿಸಲಿಕ್ಕೂ ಕದ್ದ ಕರೆಂಟೇ ಬೇಕಾಗಿತ್ತು ಈ ಹಲ್ಕಟ್‌ಗಳಿಗೆ.

ಮಂಡಳದ ಅಧ್ಯಕ್ಷ ಪರಶುರಾಮ, ಗಿರಿಜಾ ಮೀಸೆಯ ಆಸಾಮಿ, ಕೈಮುಗಿದ. “ದೇವರ ಕೆಲಸ ಐತ್ರಿ ಮೇಡಮ್ಮಾರ, ಸಿಟ್ಟಾಗಬ್ಯಾಡ್ರಿ.”

“ದೇವರ ದೀಪ ಉರೀಲಿ. ಭೀಮಪ್ಪ, ಹುಕ್ ತಗೀರಿ.”

ಭೀಮಪ್ಪ ಜನರತ್ತ ನೋಡಿದ, ಅಲುಗಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿಗೆ ಕೈಹಾಕಿದೆ. “ನೀವು ಏರ್ತೀರೋ, ನಾನ ಏರ್ಲೋ?”

ಏರಿದ. ಮಹಾರಾಣಿಯ ಕಾಲು ಎತ್ತಿದಲ್ಲೇ ನಿಂತಿತು. ಒಬ್ಬರೂ ನಗಲಿಲ್ಲ.

ಮರುದಿನ ಪರಶುರಾಮ ಮೋಟಾರಿಗೆ ಪರವಾನಗಿ ಕೇಳಿಕೊಂಡು ಬಂದ. ದಂಡ ಕಟ್ಟಿಸಿಕೊಂಡು ಹೇಳಿದೆ: “ಮಹಾರಾಣಿ ಇರ್ಲಿ, ಛಲೋ ಕಾಣ್ತಾಳ. ಲೈನ್‌ಮನ್ನ ತಗದು ಹುಕ್ ಹಾಕಿದವನ ಗೊಂಬಿ ಇಡ್ರಿ. ಮೀಸಿ ಮರೀಬ್ಯಾಡ್ರಿ.”

ಇಂಥ ಷರತ್ತಿಗೆ ಯಾವ ನಿಯಮವೂ ಇರಲಿಲ್ಲ. ಅದು ಶುದ್ಧ ಸೇಡು. ಅದಕ್ಕಾಗಿ ಇವತ್ತಿಗೂ ನನಗೆ ಎಳ್ಳಷ್ಟೂ ಬೇಜಾರಿಲ್ಲ. ವಿಸರ್ಜನೆಯವರೆಗೆ ಮಹಾರಾಣಿ ಆ ಮೀಸೆಗೇ ಒದ್ದಳು. ಜನ ಮೊದಲಿಗಿಂತ ಜೋರಾಗಿ ನಕ್ಕರು.

ಹಬ್ಬ ಮುಗಿಯುತ್ತಲೇ ನನ್ನನ್ನು ಖಾನಾಪುರಕ್ಕೆ ಎತ್ತಂಗಡಿ ಮಾಡಿದರು. ಹೊರಡುವ ದಿನ ಭೀಮಪ್ಪ ಗೊಂಬೆಯ ಕಿರೀಟ ತಂದ. “ತಗೋರಿ ಮೇಡಮ್ಮಾರ, ಇದು ನಿಮ್ದು.” ಈ ಸಲ ಅವನು ನಗುತ್ತಿರಲಿಲ್ಲ. ಖಾನಾಪುರದ ಕಚೇರಿಯಲ್ಲಿ ಅದನ್ನು ನನ್ನ ಕುರ್ಚಿಯ ಹಿಂದೆ ಮೊಳೆ ಹೊಡೆದು ತೂಗುಹಾಕಿದೆ.

ಅಧಿಕಾರದಲ್ಲಿರುವ ಹೆಣ್ಣು ಗೇಲಿಯನ್ನು ನಕ್ಕು ಮರೆಯಬೇಕು ಎಂದು ಮೇಲಿನವರು ಬುದ್ಧಿ ಹೇಳಿದ್ದರು. ನೌಕರಿ ನನಗೆ ಕಲಿಸಿದ್ದೇ ಬೇರೆ. ನಗಬೇಕು, ಖಂಡಿತ ನಗಬೇಕು. ಮೊದಲು ಹುಕ್ ಕೀಳಬೇಕು.