ದಿನ್ನಿಯ ಮೇಲೆ ಕೋಲು ಹಿಡಿದು ನಿಂತವನು

ಮೊನ್ನೆ ನಮ್ಮ ಓಣಿಯಲ್ಲಿ ಹೊಸ ನಳದ ಪೈಪು ಹಾಕಲೆಂದು ತಗ್ಗು ತೋಡಿದರು. ಹಿಂದಿನ ದಿನ ಮಳೆಯಾಗಿತ್ತು. ಆಳದಿಂದ ಮೇಲೆ ಬಂದ ಹಸಿ ಎರೆಮಣ್ಣಿನ ವಾಸನೆ ಕಿಡಕಿಯಿಂದ ಒಳಗೆ ಬಂತು. ಓದುತ್ತಿದ್ದ ಪೇಪರ್ ಮಡಚಿಟ್ಟೆ... ಈ ವಾಸನೆ ಬಂದಾಗಲೆಲ್ಲ ನನಗೆ ಒಬ್ಬ ಮುದುಕ ನೆನಪಾಗುತ್ತಾನೆ, ತಲೆ ತಾನಾಗಿ ಕೆಳಗಾಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನವಲಗುಂದ ಸೀಮೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ನಾನು ಆಗಷ್ಟೇ ಓವರ್‌ಸಿಯರ್ ಆಗಿ ಸೇರಿದ್ದೆ. ಊರು ಬೆಳೆದಿತ್ತು. ಹೊಸ ಪ್ಲಾಟುಗಳಿಗೆ ನಳ ಬೇಕು, ನಳ ಬಂದರೆ ಬಚ್ಚಲ ನೀರು ಹೆಚ್ಚುತ್ತದೆ, ಆ ಹೊಲಸು ನೀರನ್ನು ಊರ ಹೊರಗಿನ ಹಳ್ಳಕ್ಕೆ ಸಾಗಿಸಲು ದೊಡ್ಡ ಗಟಾರ ಬೇಕು. ಗಟಾರದ ನಕ್ಷೆಗಾಗಿ ನೆಲದ ಏರಿಳಿತ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅಳತೆಗೆ ಹೋದ ದಿನ ಹೊಲದಲ್ಲಿ ಇದ್ದವರು ಇಬ್ಬರೇ. ಮೂರು ಕಾಲಿನ ಯಂತ್ರದ ಹಿಂದೆ ನಾನು, ಅಂಕಿ ಬರೆದ ಅಳತೆಕೋಲು ಹಿಡಿದು ಕೆರಿ ಅಜ್ಜ.

ಕೆರಿ ಅಜ್ಜ ಊರಿನ ಕುಡಿಯುವ ನೀರಿನ ಕೆರೆ ಕಾಯುತ್ತಿದ್ದ. ಎಲ್ಲಿ ತೋಡಿದರೂ ಸವಳು ನೀರೇ ಬರುವ ಸೀಮೆ ನಮ್ಮದು. ನಳ ಅರ್ಧ ಊರಿಗೂ ಮುಟ್ಟಿರಲಿಲ್ಲ. ಚಪ್ಪಲಿ ಹಾಕಿಕೊಂಡು ಯಾರೂ ಆ ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ, ಕೈ ತೊಳೆಯುವಂತಿರಲಿಲ್ಲ. ಯಾರಾದರೂ ಕೊಡ ತಿಕ್ಕಲು ಕೂತರೆ ಅಜ್ಜನ ದನಿ ಏರುತ್ತಿತ್ತು.

“ತಿಕ್ಕೂದು ಮನ್ಯಾಗ ಮುಗಿಸಿ ಬಾರವಾ ತಂಗಿ. ಕೆರಿ ಏನ ನಿಮ್ಮ ಬಚ್ಚಲೇನ?”

“ಯಾಕಜ್ಜಾ, ನಿನ್ನ ಲಗ್ನದಾಗ ಬೀಗರು ಈ ಕೆರಿನ ಉಡುಗೊರಿ ಕೊಟ್ಟಾರೇನ?” ಎಂದು ಹೆಂಗಸರು ನಗುತ್ತಿದ್ದರು. ಅಜ್ಜನೂ ನಗುತ್ತಿದ್ದ. ಆದರೆ ಕೊಡ ತಿಕ್ಕಲು ಬಿಡುತ್ತಿರಲಿಲ್ಲ.

ಆ ದಿನ ಎರೆ ಹೊಲದಲ್ಲಿ ಮೂರು ಹೆಜ್ಜೆ ಇಟ್ಟರೆ ಒಂದೊಂದು ಬೂಟಿಗೆ ಸೇರುಗಟ್ಟಲೆ ಮಣ್ಣು ಅಂಟುತ್ತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ನನಗೆ ಸಾಕಾಗಿತ್ತು. ಉಳಿದದ್ದು ಹಳ್ಳದ ಕಡೆಯ ಕೊನೆಯ ತುಂಡು. ಕಣ್ಣಿಗೆ ಅಗದಿ ಸಪಾಟು ಕಾಣುತ್ತಿತ್ತು.

“ಬರ್ರಿ ಸಾಹೇಬ್ರ, ಕಡೀತನಾ ಹೋಗೂಣು,” ಎಂದ ಅಜ್ಜ. “ಅಲ್ಲೊಂದು ದಿನ್ನಿ ಐತಿ. ಕಣ್ಣಿಗೆ ಕಾಣಂಗಿಲ್ಲ, ನೀರಿಗೆ ಕಾಣತೈತಿ. ದೊಡ್ಡ ಮಳಿ ಬಂದ್ರ ಅಲ್ಲಿಂದ ನೀರು ಹೊಳ್ಳಿ ಕೆರಿ ಕಡಿ ಬರತೈತ್ರಿ.”

“ನೀ ನಡಿ, ಬಂದೆ,” ಎಂದೆ. ಅಜ್ಜ ಬರಿಗಾಲಲ್ಲಿ ಕೆಸರು ತುಳಿಯುತ್ತ ದೂರದ ದಿನ್ನಿಗೆ ಹೋಗಿ ಕೋಲನ್ನು ನೆಟ್ಟಗೆ ಹಿಡಿದು ನಿಂತ. ನಾನು ಜಾಲಿಗಿಡದ ನೆರಳಲ್ಲಿ ಕೂತು, ಹಿಂದಿನ ಅಂಕಿಗಳ ಅಂದಾಜಿನ ಮೇಲೆ ಮುಂದಿನ ಅಂಕಿಗಳನ್ನು ಬರೆದು ಮುಗಿಸಿದೆ. ಯಂತ್ರವನ್ನು ಪೆಟ್ಟಿಗೆಯೊಳಗಿಟ್ಟು, ಬಾ ಎಂದು ಕೈ ಬೀಸಿದೆ. ಅಜ್ಜ ಎಷ್ಟು ಹೊತ್ತು ನಿಂತಿದ್ದನೋ... ಕೋಲು ಒಂದಿಷ್ಟೂ ವಾಲಿರಲಿಲ್ಲ.

ನಕ್ಷೆ ಒಪ್ಪುವ ದಿನ ಸದಸ್ಯರೆಲ್ಲ ಪುರಸಭೆಯಲ್ಲಿ ಸೇರಿದ್ದರು. ಧಾರವಾಡದಿಂದ ದೊಡ್ಡ ಇಂಜಿನಿಯರರು ಬಂದಿದ್ದರು. ಅಜ್ಜ ಯಾರೂ ಕರೆಯದೆ ಬಂದು ಬಾಗಿಲಲ್ಲಿ ನಿಂತ.

“ಈ ಗಟಾರ ಹಳ್ಳ ಮುಟ್ಟಂಗಿಲ್ರಿ. ಹೊಳ್ಳಿ ಕೆರಿಗೆ ಬೀಳತೈತಿ. ಓವರ್‌ಸಿಯರ್ ಸಾಹೇಬ್ರು ದಿನ್ನಿ ಅಳದಿಲ್ಲ. ನಾ ಕೋಲ ಹಿಡದು ನಿಂತಾಗ ಯಂತ್ರ ಪೆಟಿಗ್ಯಾಗ ಇತ್ರಿ.”

“ಮುದುಕಾ, ನೀ ಯಾವಾಗ ಇಂಜಿನಿಯರ್ ಆದ್ಯೋ? ಹೋಗ್, ಕೆರ್‍ಯಾಗ ಕಪ್ಪಿ ಎಣಸು,” ಎಂದ ಒಬ್ಬ ಸದಸ್ಯ. ಎಲ್ಲರೂ ನಕ್ಕರು. ಇಂಜಿನಿಯರರು ಮಾತ್ರ ನಗಲಿಲ್ಲ. ನನ್ನ ಪುಸ್ತಕ ತೆರೆದು ಅಂಕಿಗಳ ಮೇಲೆ ಬೆರಳಾಡಿಸಿ ನನ್ನ ಕಡೆ ನೋಡಿದರು. ಒಂದು ಮಾತು ಸಾಕಿತ್ತು. ಇನ್ನೊಮ್ಮೆ ಅಳೆದು ಬರುತ್ತೇನೆ ಎಂದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

“ಅಜ್ಜಗ ವಯಸ್ಸಾಗೇತ್ರಿ ಸರ್,” ಎಂದೆ. “ಮರತಾನ.”

ಅಜ್ಜ ನನ್ನನ್ನೇ ನೋಡಿದ. “ಮರತಿಲ್ರಿ,” ಎಂದು ಇಳಿದು ಹೋದ.

ಗಟಾರ ಆಯಿತು. ಮರುವರ್ಷದ ಮೊದಲ ದೊಡ್ಡ ಮಳೆಗೆ ಅರ್ಧ ಊರಿನ ಬಚ್ಚಲ ನೀರು ದಿನ್ನಿಗೆ ಬಡಿದು, ಹಿಂದೆ ಸರಿದು, ಗಟಾರದ ದಂಡೆ ಒಡೆದು ಕೆರೆಗೆ ಇಳಿಯಿತು. ಬೆಳಿಗ್ಗೆ ಹೋದಾಗ ಅಜ್ಜ ಮೆಟ್ಟಿಲ ಮೇಲೆ ಕೂತು, ಕೊಡ ಹೊತ್ತು ಬಂದವರನ್ನು ಒಬ್ಬೊಬ್ಬರನ್ನಾಗಿ ತಿರುಗಿಸಿ ಕಳಿಸುತ್ತಿದ್ದ. “ಬ್ಯಾಡವಾ, ಹೊಳ್ಳಿ ಹೋಗು.” ಯಾರೂ ನಗಲಿಲ್ಲ. ಎರೆಮಣ್ಣು ಉಬ್ಬಿದ್ದರಿಂದ ಹೀಗಾಯಿತೆಂದು ಮೇಲಿನವರಿಗೆ ವರದಿ ಬರೆದವನೂ ನಾನೇ.

ಕುಡಿಯಲು ಬಾರದ ಕೆರೆಗೆ ಕಾವಲು ಯಾಕೆ? ಅಜ್ಜ ಕುಬಿಹಾಳದ ಮಗಳ ಮನೆಗೆ ಹೋದ. ಒಮ್ಮೆ ಕುಂದಗೋಳದ ಕಡೆ ಕೆಲಸವಿದ್ದಾಗ ಅಲ್ಲಿ ಇಳಿದೆ. ಗುರುತು ಹಿಡಿದ, ಕಟ್ಟೆಯ ಮೇಲೆ ಕೂರಿಸಿದ, ಜೋಳ ಹ್ಯಾಂಗೈತ್ರಿ ನಿಮ್ಮ ಕಡಿ ಎಂದು ಕೇಳಿದ. ನನ್ನ ತಪ್ಪು ಹೇಳಬೇಕೆಂದು ಹೋದವನು ಜೋಳದ ಮಾತಾಡಿ ಬಂದೆ.

ಮುಂದಿನ ಸಲ ಹೋದಾಗ ಅಜ್ಜ ತೀರಿಹೋಗಿದ್ದ. ಮಗಳ ಮುಂದೆ ಎಲ್ಲ ಹೇಳಿದೆ. ಆಕೆ ಹಸನು ಮಾಡುತ್ತಿದ್ದ ಕಾಳಿನ ಮೊರವನ್ನು ಕೆಳಗಿಡಲಿಲ್ಲ.

“ಅಪ್ಪಗ ಗೊತ್ತಿದ್ದದ್ದು ನಮಗ್ಯಾಕ ಹೇಳತೀರಿ? ನಿಮ್ಮೂರ ಮಂದಿಗೆ ಹೇಳಬೇಕಿತ್ತು.”

ಅದಕ್ಕೂ ನನಗೆ ಇಷ್ಟು ವರ್ಷ ಬೇಕಾದವು. ಅಂದು ಸಭೆಯಲ್ಲಿದ್ದವರಲ್ಲಿ ಈಗ ಉಳಿದಿರುವುದು, ಕಪ್ಪೆ ಎಣಿಸಲು ಹೇಳಿದ್ದ ಆ ಸದಸ್ಯರೊಬ್ಬರೇ. ತಗ್ಗು ತೋಡಿದ ಮರುದಿನ ಬಸ್ಸು ಹತ್ತಿ ಅವರ ಮನೆಗೆ ಹೋದೆ. ನಾನು ದಿನ್ನಿಗೆ ಹೋಗಿರಲಿಲ್ಲ, ಅಜ್ಜ ಹೇಳಿದ್ದೇ ಖರೆ ಎಂದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

“ಯಾವ ಅಜ್ಜರಿ?” ಎಂದರು.