ಡೆಲ್ಮರನ ಕಾಲ್ಗುಣ

ಅಲಬಾಮಾದ ನಮ್ಮ ಊರಿನಲ್ಲಿ ಅಕ್ಟೋಬರಿನ ಶನಿವಾರ ಮದುವೆ ಇಟ್ಟುಕೊಳ್ಳುವವನನ್ನು ಪಾದ್ರಿಯೂ ಕ್ಷಮಿಸುವುದಿಲ್ಲ. ಅಂದು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಕಾಲೇಜು ಫುಟ್‌ಬಾಲ್ ಇರುತ್ತದೆ. ಶಾಲೆಯ ಬಸ್ಸು ಓಡಿಸುತ್ತಿದ್ದ ಡೆಲ್ಮರ್ ಪ್ರುಯಿಟ್ ಆ ತಪ್ಪು ಮಾಡಿದ. ಅವನು ವರ್ಲೀನಳಿಗೆ ಉಂಗುರ ತೊಡಿಸುವ ಹೊತ್ತಿಗೆ ನಮ್ಮ ಕಾಲೇಜು, ಯಾರ ಮೇಲೂ ಗೆಲ್ಲದ ತಂಡವೊಂದರೆದುರು ಸೋತಿತು. ಮಾವ ಕೋಟಿನ ಜೇಬಿನೊಳಗಿದ್ದ ರೇಡಿಯೊ ಆರಿಸಿ, “ಅಳಿಯನ ಕಾಲ್ಗುಣ ನೋಡ್ರಪ್ಪಾ” ಎಂದನಂತೆ.

ಮಾತು ಅಂಟಿಕೊಂಡಿತು. ಆಮೇಲೆ ಡೆಲ್ಮರ್ ಟಿವಿ ಮುಂದೆ ಕೂತಾಗಲೆಲ್ಲ ನಮ್ಮ ಹುಡುಗರು ಎದೆಗವಚಿಕೊಂಡು ಓಡುತ್ತಿದ್ದ ಚೆಂಡನ್ನು ಕೈಬಿಡುತ್ತಿದ್ದರು. ಅವನು ಎದ್ದು ಹೋದರೆ ಗೆಲ್ಲುತ್ತಿದ್ದರು. ಕೊನೆಗೆ ಪ್ರತಿ ಪಂದ್ಯಕ್ಕೂ ಅವನೇ ಹೊರಗೆ ಹೋಗಿ ತನ್ನ ಪಿಕಪ್ ಗಾಡಿಯಲ್ಲಿ ಗಾಜು ಏರಿಸಿಕೊಂಡು, ರೇಡಿಯೊ ಹಾಕದೆ ಕೂರತೊಡಗಿದ. ನಾನು ನಗುವ ಹಾಗಿಲ್ಲ. ಎಂದೋ ಒಮ್ಮೆ ಒಂಟಿ ಕಾಲಲ್ಲಿ ನಿಂತಿದ್ದಾಗ ಗೆದ್ದರೆಂದು, ಐವತ್ತು ದಾಟಿದ ಈ ಬೊಜ್ಜು ದೇಹವನ್ನು ಇಂದಿಗೂ ಕೊಕ್ಕರೆಯಂತೆ ನಿಲ್ಲಿಸುತ್ತೇನೆ.

ಈ ಸಲ ನಮ್ಮವರು ಮೊಟ್ಟಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಅಂತಿಮ ಪಂದ್ಯ ತಲುಪಿದರು. ವರ್ಲೀನಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾದದ್ದೂ ಆಗಲೇ. ಬೇಸಿಗೆಯವರೆಗೂ ಉಳಿಯುತ್ತಾಳೆಂದು ಡಾಕ್ಟರು ಹೇಳಲಿಲ್ಲ. ಸಾಯುವ ಮೊದಲು ಅವಳು ಆ ಗೆಲುವು ನೋಡಬೇಕು ಎಂದು ಊರೆಲ್ಲ ಪ್ರಾರ್ಥಿಸಿತು. ಡೆಲ್ಮರನಂತೂ ಊಟ ಬಿಟ್ಟ.

ಅಂತಿಮ ಪಂದ್ಯವಿದ್ದ ಜನವರಿಯ ಆ ಸೋಮವಾರ ಸಂಜೆ, ಪಕ್ಕದ ಮನೆಯವನಾದ ನಾನು ಚಿಪ್ಸು ಹಿಡಿದು ಹೋದೆ. ವರ್ಲೀನಕ್ಕ ಸೋಫಾದಲ್ಲಿ ಕಂಬಳಿ ಹೊದ್ದು ಕೂತಿದ್ದಳು.

“ಬಾಯ್ಡ್, ಇವತ್ತೊಂದಿನ ಒಳಗ್ ಬಾ ಅನ್ನೋ ಅವನಿಗೆ.”

ಹೋಗಿ ಗಾಡಿಯ ಗಾಜು ತಟ್ಟಿದೆ. “ಡೆಲ್ಮರಣ್ಣ, ಅಕ್ಕ ಕರೀತಿದಾಳೆ.”

“ಸ್ಕೋರ್ ಹೇಳ್ಬೇಡ!”

“ಹೇಳಲ್ಲ ಮಾರಾಯ. ಪಕ್ಕದಲ್ಲಿ ಕೂತ್ಕೋಬೇಕಂತೆ, ಅಷ್ಟೆ.”

“ನಾನು ಬಂದು ಸೋತ್ರೆ? ಅವಳಿಗೆ ಇನ್ನೊಂದು ಪಂದ್ಯ ಎಲ್ಲಿದೆಯೋ? ನನ್ ಕೈಲಾಗೋದು ಇದೊಂದೇ. ಹೋಗು, ಹೋಗಿ ನಿನ್ ಕಾಲೆತ್ತು.”

ಹೋಗಿ ಎತ್ತಿದೆ. “ಬರಲ್ವಂತೆ ಅಕ್ಕ. ನಿನಗೋಸ್ಕರಾನೇ ಅಂತೆ.”

“ಗೊತ್ತು. ಮದುವೆ ಆದಾಗಿಂದ ನನಗೋಸ್ಕರಾನೇ ಆಚೆ ಕೂತಿದಾನೆ.” ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀನಾದ್ರೂ ಕಾಲಿಳಿಸೋ, ಕಣ್ಣಲ್ಲಿ ನೋಡಕ್ಕಾಗಲ್ಲ.”

ಇಳಿಸಲು ನನಗೂ ಧೈರ್ಯ ಬರಲಿಲ್ಲ.

ಕೊನೆಯ ಕ್ಷಣದಲ್ಲಿ ಎರಡು ಕಂಬಗಳ ನಡುವೆ ಚೆಂಡು ಒದ್ದರೆ ಗೆಲುವು. ನಮ್ಮ ಹುಡುಗ ಒದ್ದ. ಚೆಂಡು ಕಂಬಕ್ಕೆ ಬಡಿದು ಆಚೆ ಬಿತ್ತು.

ಬೀದಿಯಲ್ಲಿ ಒಂದು ಹಾರ್ನೂ ಕೇಳದಿದ್ದುದರಿಂದ ಸೋತದ್ದು ಡೆಲ್ಮರನಿಗೆ ಗೊತ್ತಾಯಿತು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

“ನಾನು ನೋಡ್ಲಿಲ್ಲ ಕಣೆ. ದೇವರಾಣೆ, ಈ ಕಡೆ ಕತ್ತೂ ತಿರುಗಿಸ್ಲಿಲ್ಲ.”

“ಗೊತ್ತು ಕಣೋ. ನೀನಿಲ್ದೇನೂ ಸೋಲ್ತಾರೆ.”

ನಿರಪರಾಧಿ ಎಂದು ತೀರ್ಪು ಬಂದಂತಾಗಿತ್ತು. ಆದರೆ ಅಷ್ಟು ಕಂಗೆಟ್ಟ ಮುಖವನ್ನು ನಾನು ಹಿಂದೆ ಕಂಡಿರಲಿಲ್ಲ. ಅವನು ಅವಳ ಪಕ್ಕದಲ್ಲಿ, ಪರರ ಮನೆಯ ಸೋಫಾದಲ್ಲಿ ಕೂತವನಂತೆ, ಅಂಚಿನಲ್ಲಿ ಕೂತ. ಟಿವಿಯಲ್ಲಿ ಗೆದ್ದವರು ಕುಣಿಯುತ್ತಿದ್ದರು. ಔಷಧಿಯ ಅಮಲಿಗೆ ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.

“ಮುಂದಿನ ಪಂದ್ಯ ಯಾವಾಗ, ಬಾಯ್ಡ್?” ಎಂದು ಕೇಳಿದ.

ಇನ್ನು ಪಂದ್ಯ ಶುರುವಾಗುವುದು ಬೇಸಿಗೆ ಕಳೆದು ಸೆಪ್ಟೆಂಬರಿಗೆ ಎಂಬುದು ಅವನಿಗೂ ಗೊತ್ತಿತ್ತು. ನಾನು ಟಿವಿ ಆರಿಸಿದೆ.